ಮಿರ್ಯಾಮಳಿಗೆ ಮಾತ್ರ ಯಾಕೆ?

ನನಗೆ ಟಿ.ಬಿ. ಆಗಿತ್ತು. ಶ್ವಾಸಕೋಶದ ಕ್ಷಯ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಯಾಕೆಂದರೆ ನನ್ನ ಗಂಡ ಆ ಎರಡಕ್ಷರ ಹೊರಗೆ ಬೀಳದ ಹಾಗೆ ನೋಡಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ವಾಸಿಯಾಗಿದೆ. ಕೋಪ ಮಾತ್ರ ವಾಸಿಯಾಗಿಲ್ಲ, ಅದಕ್ಕೆ ನಾನು ಔಷಧಿಯನ್ನೂ ಹುಡುಕುತ್ತಿಲ್ಲ.

ನಾವಿರುವುದು ಡಬ್ಲಿನ್ ಪಕ್ಕದ ಡನ್ ಲಿಯರಿಯಲ್ಲಿ. ನಾನು, ಗಂಡ ಮಂಜುನಾಥ್, ಎಂಟು ವರ್ಷದ ಮಗಳು ಇಂಚರ. ನಾವಿಬ್ಬರೂ ಮೈಸೂರಿನವರು, ಇಬ್ಬರದೂ ಸಾಫ್ಟ್‌ವೇರ್ ಕೆಲಸ. ಇಂಚರ ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇಲ್ಲಿನ ರಾಗದಲ್ಲಿ.

ಯುಗಾದಿ ಹೊತ್ತಿಗೆ ಕೆಮ್ಮು ಶುರುವಾಯಿತು. ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ನಗುಮುಖ. "ವೈರಲ್ ಅಷ್ಟೇ. ಸ್ವಲ್ಪ ಟೈಮ್ ಕೊಡಿ, ಯೂ ವಿಲ್ ಬಿ ಗ್ರ್ಯಾಂಡ್" ಅಂದರು. ಈ ದೇಶದಲ್ಲಿ ಎಲ್ಲವೂ ಗ್ರ್ಯಾಂಡ್. ಬಸ್ಸು ತಪ್ಪಿದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ಎರಡನೇ ಸಲ ಹೋದಾಗ ಇನ್‌ಹೇಲರ್ ಕೊಟ್ಟರು. ಮೂರನೇ ಸಲ ಹೋದಾಗ, "ಕೆಲಸದಲ್ಲಿ ಒತ್ತಡ ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಯಾರಿಗಿಲ್ಲ? ಅವರು ಕಾಯಿಲೆ ಸಿಕ್ಕಿಯೇಬಿಟ್ಟಿತು ಎನ್ನುವ ಹಾಗೆ ತಲೆಯಾಡಿಸಿದರು.

ಭಾರತದಲ್ಲಿ ಹುಟ್ಟಿ ಬೆಳೆದ ಹೆಂಗಸು. ತಿಂಗಳುಗಟ್ಟಲೆ ಕೆಮ್ಮುತ್ತಿದ್ದಾಳೆ. ಸೊಂಟದಲ್ಲಿ ಪ್ಯಾಂಟ್ ನಿಲ್ಲುತ್ತಿಲ್ಲ. ಬೆಳಗ್ಗೆ ಎದ್ದರೆ ದಿಂಬು ಒದ್ದೆ. ಎದೆಯ ಒಂದು ಎಕ್ಸ್‌ರೇ ಬರೆದುಕೊಡಲು ಇನ್ನೇನು ಬೇಕಿತ್ತು? ತೂಕ ಇಳಿದಿದೆಯಾ ಅಂತ ಆ ಪುಣ್ಯಾತ್ಮ ಒಂದು ಸಲವೂ ಕೇಳಲಿಲ್ಲ. ಕೇಳಿದವರು ನನ್ನ ಗೆಳತಿಯರು. "ಎಷ್ಟ್ ಸಣ್ಣ ಆಗಿದ್ದೀಯ ವಸುಧಾ! ಯಾವ ಡಯಟ್ ಕಣೇ, ನಮಗೂ ಹೇಳು" ಅಂತ ರಶ್ಮಿ ನನ್ನ ಸೊಂಟ ಹಿಡಿದು ನೋಡಿದ್ದಳು. ರಶ್ಮಿ ಇಲ್ಲಿ ನನಗೆ ತಂಗಿಯ ಹಾಗಿದ್ದವಳು. ಎರಡು ವರ್ಷದ ಕೆಳಗೆ ಅವಳ ಹೆರಿಗೆ ಹೊತ್ತಿಗೆ ಅವಳಮ್ಮನಿಗೆ ವೀಸಾ ಸಿಗದೇ ಹೋದಾಗ ಆಸ್ಪತ್ರೆಯಲ್ಲಿ ಅವಳ ಕೈಹಿಡಿದು ಕೂತವಳು ನಾನು. ಆ ಮಗು ಆರ್ಯನನ್ನು ಅವಳಿಗಿಂತ ಮೊದಲು ಎತ್ತಿಕೊಂಡವಳೂ ನಾನೇ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಗ್ಗೆ ಟ್ರೇನಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಕಿಟಕಿಯಾಚೆ ಸಮುದ್ರ, ಎದುರಿಗೆ ಕಾಫಿ ಕುಡಿಯುತ್ತಿದ್ದ ಒಬ್ಬಾಕೆ. ಕೆಮ್ಮು ಬಂತು, ಟಿಶ್ಯೂ ಬಾಯಿಗೆ ಹಿಡಿದೆ. ತೆಗೆದು ನೋಡಿದರೆ ರಕ್ತ. ಎದುರಿಗಿದ್ದವಳೂ ನೋಡಿದಳು. ಎದ್ದು ಬೇರೆ ಸೀಟಿಗೆ ಹೋದಳು. ಆಮೇಲೆ ಎಷ್ಟೋ ಜನ ನನ್ನ ಎದುರಿನಿಂದ ಎದ್ದುಹೋದರು. ಅವಳು ಮೊದಲನೆಯವಳು, ಅಪರಿಚಿತಳು. ಅವಳ ಮೇಲೆ ಸಿಟ್ಟಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಎಮರ್ಜೆನ್ಸಿಯ ವೇಟಿಂಗ್ ರೂಮಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೆ. ಪಕ್ಕದಲ್ಲಿ ಕೈಗೆ ಟವೆಲ್ ಸುತ್ತಿಕೊಂಡ ಬಡಗಿ, ಆಚೆ ಜ್ವರದ ಮಗು ಹಿಡಿದ ತಾಯಿ. ನಾನು ಅವರೆಲ್ಲರ ನಡುವೆ ಕೆಮ್ಮುತ್ತ ಕೂತಿದ್ದೆ, ಯಾರೂ ನನ್ನನ್ನು ಎಬ್ಬಿಸಲಿಲ್ಲ. ಕೊನೆಗೆ ಕರೆದ ಡಾಕ್ಟರ್ ನನ್ನ ಹೆಸರು ಓದಿ, ಮುಖ ನೋಡಿ, "ಅಕ್ಕಾರ, ಕನ್ನಡದವ್ರೇನ್ರಿ?" ಅಂದಳು. ಹುಬ್ಬಳ್ಳಿಯ ಹುಡುಗಿ, ಡಾಕ್ಟರ್ ಸವಿತಾ. ನನಗೆ ಅಲ್ಲೇ ಅಳು ಬಂತು.

"ಎಷ್ಟ್ ತಿಂಗಳಾತ್ರಿ ಕೆಮ್ಮು?"

"ಏಪ್ರಿಲ್‌ನಿಂದ."

"ಎಕ್ಸ್‌ರೇ ಮಾಡ್ಸೀರೇನು?"

"ಯಾರೂ ಬರೆದುಕೊಡಲಿಲ್ಲ."

ಅವಳ ಮುಖ ಬಿಗಿಯಿತು. ತಾನೊಂದು ಗಟ್ಟಿ ಮಾಸ್ಕ್ ಹಾಕಿಕೊಂಡು ನನಗೊಂದು ಕೊಟ್ಟಳು, ನನ್ನನ್ನು ಒಬ್ಬಳನ್ನೇ ಒಂದು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೋಗುವ ಮೊದಲು ಗ್ಲೌಸ್ ಹಾಕಿದ ಕೈಯಲ್ಲೇ ನನ್ನ ಭುಜ ಹಿಡಿದು, "ಇದಕ್ಕ ಔಷಧ ಐತ್ರಿ ಅಕ್ಕಾರ. ಇದು ಹೋಗೋ ರೋಗ" ಅಂದಳು. ಕಾಯಿಲೆಯ ಹೆಸರು ಹೇಳುವುದಕ್ಕೆ ಮೊದಲೇ ಹೋಗುತ್ತದೆ ಅಂತ ಹೇಳಿದಳು. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಕಫದ ರಿಪೋರ್ಟ್ ಬಂದು ಟಿ.ಬಿ. ಖಚಿತವಾದಾಗ ಮಂಜು ಬಾಗಿಲ ಗಾಜಿನಾಚೆ ನಿಂತು ಫೋನಿನಲ್ಲಿ ಮಾತಾಡಿದ. ಮೊದಲು ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ವಸು, ಎಲ್ಲರಿಗೂ ನ್ಯುಮೋನಿಯಾ ಅಂತ ಹೇಳೋಣ" ಅಂದ.

"ಯಾಕೆ?"

"ಸುಮ್ನೆ ಯಾಕೆ ಜನರ ಬಾಯಿಗೆ... ನಮ್ಮೋರು ಹೇಗೆ ಅಂತ ನಿನಗೆ ಗೊತ್ತಲ್ಲ."

"ಮಂಜು, ರಶ್ಮಿ ಮನೇಲಿ ಎರಡು ವರ್ಷದ ಮಗು ಇದೆ. ವಾರ ವಾರ ಎತ್ತಿಕೊಂಡು ಮುದ್ದಾಡಿದ್ದೀನಿ. ಮೊದಲು ಅವಳಿಗೆ ಹೇಳು. ಇವತ್ತೇ ಹೇಳು."

"ಸರಿ, ಹೇಳ್ತೀನಿ" ಅಂದ. ನಾನು ನಂಬಿದೆ.

ಹೇಳಲಿಲ್ಲ.

ಕೆಲವು ವಾರಗಳಾದ ಮೇಲೆ ಮನೆಗೆ ಕಳಿಸಿದರು. ಔಷಧಿ ಕೆಲಸ ಮಾಡುವವರೆಗೆ, ಅಂದರೆ ಇನ್ನು ಸ್ವಲ್ಪ ದಿನ, ಹಿಂದುಗಡೆಯ ಸಣ್ಣ ರೂಮಿನಲ್ಲಿ ಒಬ್ಬಳೇ ಇರಬೇಕು. ಹಿತ್ತಿಲ ಗಾರ್ಡನ್ನಿನಲ್ಲಿ ಕೂರಬಹುದು, ಗಾಳಿ ಒಳ್ಳೆಯದು ಅಂದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮುಷ್ಟಿ ಮಾತ್ರೆ. ಅದರಲ್ಲೊಂದು ಮೈಯಿಂದ ಹೊರಬರುವ ನೀರನ್ನೆಲ್ಲ ಕಿತ್ತಳೆ ಬಣ್ಣ ಮಾಡುತ್ತಿತ್ತು. ಅತ್ತರೆ ಬಿಳಿ ಟಿಶ್ಯೂ ಮೇಲೆ ಕಿತ್ತಳೆ ಕಲೆ. ಇಂಚರ ಬಾಗಿಲಾಚೆ ಕೂತು, "ಅಮ್ಮಾ, ಆರ್ ಯೂ ಸ್ಟಿಲ್ ಇನ್ಫೆಕ್ಷಸ್?" ಅಂತ ಕೇಳುತ್ತಿದ್ದಳು. "ಇನ್ನೂ ಸ್ವಲ್ಪ ದಿನ ಪುಟ್ಟಿ" ಅಂದರೆ, "ದ್ಯಾಟ್ಸ್ ಗ್ರ್ಯಾಂಡ್" ಅಂದು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

ಅವಳ ರಕ್ತಪರೀಕ್ಷೆ ಪಾಸಿಟಿವ್ ಬಂತು. ಕಾಯಿಲೆ ಬಂದಿಲ್ಲ, ಬೇರೆಯವರಿಗೆ ಹರಡುವುದೂ ಇಲ್ಲ. ಆದರೆ ಕ್ರಿಮಿ ಮೈಯಲ್ಲಿ ಮಲಗಿದೆ, ಏಳದ ಹಾಗೆ ತಿಂಗಳುಗಟ್ಟಲೆ ಔಷಧಿ ಕೊಡಬೇಕು ಅಂದರು. ನನ್ನ ಕೆಮ್ಮು ನನ್ನ ಮಗಳ ಎದೆಯಲ್ಲಿ. ಆ ದಿನ ನಾನು ದಿಂಬಿಗೆ ಮುಖ ಒತ್ತಿಕೊಂಡು ಕಿರುಚಿದೆ. ಏಪ್ರಿಲ್‌ನಲ್ಲಿ ಒಂದು ಎಕ್ಸ್‌ರೇ ಆಗಿದ್ದರೆ! ಆ ನಗುಮುಖದ ಡಾಕ್ಟರು ಒಂದು ಪ್ರಶ್ನೆ ಜಾಸ್ತಿ ಕೇಳಿದ್ದರೆ! ಅದೇ ಹೊತ್ತಿಗೆ ಊರಿನಿಂದ ಅತ್ತೆಯ ವೀಡಿಯೊ ಕಾಲ್. "ಯಾವ ಜನ್ಮದ ಕರ್ಮಾನೋ ಏನೋಮ್ಮ, ಅನುಭವಿಸ್ಲೇಬೇಕು" ಅಂದರು. ನಾನು ಫೋನು ಕಟ್ ಮಾಡಿದೆ. ಮದುವೆಯಾದ ಇಷ್ಟು ವರ್ಷದಲ್ಲಿ ಅತ್ತೆಯ ಫೋನು ಕಟ್ ಮಾಡಿದ್ದು ಅದೇ ಮೊದಲು.

ಮಾರನೆ ದಿನ ಗಾರ್ಡನ್ನಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆ. ಪಕ್ಕದ ಮನೆಗೂ ನಮಗೂ ನಡುವೆ ಎದೆಯೆತ್ತರದ ಗೋಡೆ. ಅದರಾಚೆ ಯಾರೋ ಮರದ ಹಲಗೆ ಬಡಿಯುವ ಸದ್ದು. ಗೋಡೆಯ ಮೇಲಿನಿಂದ ಒಂದು ಬಿಳಿ ತಲೆ ಕಾಣಿಸಿತು: ಎಸ್ತರ್. ಎಂಬತ್ತು ದಾಟಿದ ಯೆಹೂದ್ಯರ ಅಜ್ಜಿ, ಒಬ್ಬರೇ ಇರುತ್ತಾರೆ. ಅಲ್ಲಿಯವರೆಗೆ ನಮ್ಮ ಪರಿಚಯ ಕಸದ ಡಬ್ಬ ಹೊರಗಿಡುವಾಗ ಹೇಳುವ ಗುಡ್ ಮಾರ್ನಿಂಗಿನಷ್ಟೇ. ಬರೀ ಎಸ್ತರ್ ಅಂತ ಕರೆ ಅಂದಿದ್ದರು. ಅಷ್ಟು ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳದೆ ಎಸ್ತರಮ್ಮ ಅನ್ನುತ್ತಿದ್ದೆ.

"ನನ್ನ ತಮ್ಮನ ಮಗ ಗುಡಿಸಲು ಕಟ್ಟುತ್ತಿದ್ದಾನೆ. ನಮ್ಮ ಹಬ್ಬ. ಏಳು ದಿನ ಮನೆಯ ಹೊರಗೆ, ಸೊಪ್ಪಿನ ಮಾಡಿನ ಕೆಳಗೆ ಊಟ ಮಾಡಬೇಕು. ಈ ಐರಿಶ್ ಗಾಳಿಯಲ್ಲಿ! ಆಜ್ಞೆ ಮಾಡಿದವನು ಈ ದೇಶ ನೋಡಿರಲಿಲ್ಲ" ಅಂದರು. ಗೋಡೆಯ ಹತ್ತಿರ ಬಂದರು.

"ಹತ್ತಿರ ಬರಬೇಡಿ ಎಸ್ತರಮ್ಮ. ನನಗೆ ಟಿ.ಬಿ."

ಆ ಮಾತನ್ನು ಮನೆಯಾಚೆಯವರಿಗೆ ನಾನು ಹೇಳಿದ್ದು ಅದೇ ಮೊದಲು. ಅವರು ಹಿಂದೆ ಸರಿಯಲಿಲ್ಲ. ಒಳಗೆ ಹೋಗಿ ಕುರ್ಚಿ ತಂದು, ಗೋಡೆಯಾಚೆ ಗುಡಿಸಲಿನ ಬಾಗಿಲಿಗೆ ಹಾಕಿಕೊಂಡು ಕೂತರು.

"ನನಗೂ ಇತ್ತು. ಹನ್ನೊಂದು ವರ್ಷದವಳಿದ್ದಾಗ. ಒಂದು ವರ್ಷ ಸ್ಯಾನಟೋರಿಯಂನಲ್ಲಿದ್ದೆ. ಚಳಿಗಾಲದಲ್ಲೂ ನಮ್ಮ ಮಂಚಗಳನ್ನು ಜಗಲಿಗೆ ತಳ್ಳುತ್ತಿದ್ದರು, ಹೊದಿಕೆ ಮೇಲೆ ಮಳೆಹನಿ ಬೀಳುತ್ತಿತ್ತು. ಇಡೀ ವಾರ್ಡಿನಲ್ಲಿ ಯೆಹೂದ್ಯರ ಹುಡುಗಿ ನಾನೊಬ್ಬಳೇ. ನಮ್ಮಮ್ಮ ನಮ್ಮ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಎಲ್ಲರಿಗೂ ಏನು ಹೇಳಿದ್ದಳು ಗೊತ್ತಾ? ಎಸ್ತರ್ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಅಂತ."

"ನನ್ನ ಗಂಡ ನ್ಯುಮೋನಿಯಾ ಅಂತ ಹೇಳಿದ್ದಾನೆ" ಅಂದೆ.

ಅಜ್ಜಿ ಜೋರಾಗಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನಗೂ ನಗು ಬಂತು, ಅದರ ಹಿಂದೆಯೇ ಕೆಮ್ಮು. ಎಷ್ಟೋ ದಿನದ ಮೇಲೆ ನನ್ನ ಕೆಮ್ಮು ಕೇಳಿ ಯಾರೂ ಗಾಬರಿಯಾಗಲಿಲ್ಲ.

ಆ ವಾರ ಪೂರ್ತಿ ಹಾಗೇ ನಡೆಯಿತು. ಮಧ್ಯಾಹ್ನ ಅವರು ಗುಡಿಸಲಿನಲ್ಲಿ ಸೂಪು ಕುಡಿಯುವರು, ನಾನು ಗೋಡೆಯೀಚೆ ಮಂಜು ಮಾಡಿಟ್ಟ ಅನ್ನ ಸಾರು ತಿನ್ನುವೆ. ಅತ್ತೆಯ ಕರ್ಮದ ಮಾತು ಹೇಳಿ ನಾನು ಕುದಿಯುತ್ತಿದ್ದಾಗ ಅವರು ಮಿರ್ಯಾಮಳ ಕಥೆ ಹೇಳಿದರು. ಅವರ ಧರ್ಮಗ್ರಂಥ ತೋರಾದಲ್ಲಿ ಬರುವುದು. ನನಗೆ ಗೊತ್ತಿರಲಿಲ್ಲ.

ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಒಂದು ಜನಾಂಗವೇ ಮರುಭೂಮಿಯಲ್ಲಿ ನಡೆಯುತ್ತಿದೆ. ನಡೆಸುವವನು ಮೋಶೆ. ಅವನ ಅಕ್ಕ ಮಿರ್ಯಾಮ್, ಅಣ್ಣ ಆರೋನ. ಒಂದು ದಿನ ಅಕ್ಕ ಅಣ್ಣ ಇಬ್ಬರೂ ಸೇರಿ, ಬೇರೆ ನಾಡಿನ ಹೆಣ್ಣನ್ನು ಕಟ್ಟಿಕೊಂಡ ಅಂತ ಮೋಶೆಯ ಬಗ್ಗೆ ಹಗುರವಾಗಿ ಮಾತಾಡಿದರು. ದೇವರಿಗೆ ಸಿಟ್ಟು ಬಂತು. ಮಿರ್ಯಾಮಳ ಮೈಯೆಲ್ಲ ಚರ್ಮರೋಗದಿಂದ ಹಿಮದ ಹಾಗೆ ಬೆಳ್ಳಗಾಯಿತು. ಅವಳನ್ನು ಏಳು ದಿನ ಪಾಳೆಯದ ಹೊರಗೆ ಇಟ್ಟರು.

"ನಿಲ್ಲಿ," ಅಂದೆ. "ಆರೋನನಿಗೆ?"

"ಏನೂ ಆಗಲಿಲ್ಲ."

"ಮಾತಾಡಿದ್ದು ಇಬ್ಬರು. ಮಿರ್ಯಾಮಳಿಗೆ ಮಾತ್ರ ಯಾಕೆ?"

ಎಸ್ತರಮ್ಮ ಮೇಜಿಗೆ ಕೈ ಬಡಿದರು. "ಅದನ್ನೇ ನಾನು ಹನ್ನೆರಡನೇ ವಯಸ್ಸಿನಿಂದ ಕೇಳುತ್ತಿದ್ದೀನಿ! ಆಗಿನ ನಮ್ಮ ಗುರುಗಳು, ಮೂಲ ಹೀಬ್ರೂನಲ್ಲಿ ಮಾತಾಡಿದಳು ಅಂತ ಸ್ತ್ರೀಲಿಂಗ ಏಕವಚನ ಇದೆ, ಮೊದಲು ಬಾಯಿ ತೆಗೆದವಳು ಅವಳೇ, ಅದಕ್ಕೇ ಅಂದರು. ಒಂದು ವರ್ಷ ಹಾಸಿಗೆ ಹಿಡಿದು ಬಂದ ಮಗುವನ್ನು ವ್ಯಾಕರಣದಿಂದ ಸಮಾಧಾನ ಮಾಡುವುದು! ಚಾಡಿ ಹೇಳಿದರೆ ಇಂಥ ರೋಗ ಬರುತ್ತೆ ಅಂತಾನೂ ಹೇಳಿದರು. ನಾನು ಯಾರ ಮೇಲೆ ಚಾಡಿ ಹೇಳಿದ್ದೆ ಅಂತ ಹಾಸಿಗೆಯಲ್ಲಿ ಮಲಗಿ ಎಷ್ಟು ಯೋಚಿಸಿದ್ದೆ ಗೊತ್ತಾ? ಕಾಯಿಲೆ ಬಿದ್ದವರಲ್ಲಿ ಪಾಪ ಹುಡುಕುವವರು ನಿಮ್ಮಲ್ಲಿ ಮಾತ್ರ ಇಲ್ಲ ಮಗಳೇ."

"ಹಾಗಾದರೆ ಈ ಕಥೆಯನ್ನು ಯಾಕೆ ಇನ್ನೂ ಓದುತ್ತೀರಿ?"

"ಪ್ರತಿ ವರ್ಷ ಸರದಿ ಬರುತ್ತೆ, ಓದಲೇಬೇಕು. ಕೋಪ ಮಾಡಿಕೊಂಡೇ ಓದುತ್ತೀನಿ. ಕೋಪ ಮಾಡಿಕೊಂಡು ಓದಿದರೆ ಬೇರೆಯವರು ದಾಟಿಕೊಂಡು ಹೋದ ಸಾಲು ಕಣ್ಣಿಗೆ ಬೀಳುತ್ತೆ. ಮೋಶೆ ತನ್ನ ಬಗ್ಗೆ ಕೆಟ್ಟದ್ದಾಡಿದ ಅಕ್ಕನಿಗೆ ಏನು ಮಾಡಿದ ಗೊತ್ತಾ? ದೇವರೇ ಇವಳನ್ನು ವಾಸಿಮಾಡು ಅಂತ ಕೂಗಿದ. ಅಷ್ಟೇ. ಯಾಕೆ ಬಂತು, ಯಾರ ತಪ್ಪು, ಒಂದು ಮಾತಿಲ್ಲ. ಕಾಯಿಲೆ ಬಿದ್ದವರ ಮುಂದೆ ಆಡಬೇಕಾದ ಮಾತು ಅಷ್ಟೇ ಉದ್ದ ಇರಬೇಕು ಅಂತ ನಾನು ಅದರಿಂದ ಕಲಿತೆ. ಇನ್ನೊಂದು: ಅವಳು ಹೊರಗಿದ್ದ ಏಳು ದಿನವೂ ಜನ ಅಲ್ಲಿಂದ ಕದಲಲಿಲ್ಲ. ಅಷ್ಟು ಸಾವಿರ ಜನ, ದನ, ಕುರಿ, ಡೇರೆ. ಅವಳನ್ನು ಒಳಗೆ ಕರೆದುಕೊಳ್ಳುವವರೆಗೆ ಪಾಳೆಯ ಮುಂದೆ ಹೋಗಲಿಲ್ಲ."

"ಯಾಕೆ ಕಾದರು?"

"ಮೋಶೆಯನ್ನು ಮಗುವಿದ್ದಾಗ ಬುಟ್ಟಿಯಲ್ಲಿಟ್ಟು ನದಿಗೆ ಬಿಟ್ಟಾಗ, ಏನಾಗುತ್ತೋ ಅಂತ ದಡದಲ್ಲಿ ನಿಂತು ಕಾದವಳು ಇದೇ ಅಕ್ಕ. ಅದಕ್ಕೇ ಜನ ಅವಳಿಗಾಗಿ ಕಾದರು ಅಂತ ನಮ್ಮ ಹಿರಿಯರು ಹೇಳುತ್ತಾರೆ."

ನನಗೆ ರಶ್ಮಿಯ ನೆನಪಾಯಿತು. ನಾನೂ ಆಸ್ಪತ್ರೆಯಲ್ಲಿ ಅವಳ ಮಗುವಿಗಾಗಿ ಕಾದವಳೇ. ಆದರೂ ನಾನು ಕಾಯಿಲೆ ಬಿದ್ದು ಇಷ್ಟು ದಿನವಾದರೂ ಅವಳಿಂದ ಒಂದು ಫೋನಿಲ್ಲ. ಮಾಡಿದರೆ ಎತ್ತುತ್ತಿಲ್ಲ.

ಎತ್ತಿದ್ದು ಆ ವಾರದ ಕೊನೆಗೆ. ಎತ್ತಿದ ಕೂಡಲೇ, "ಹೇಗಿದೆ ನಿನ್ನ ನ್ಯುಮೋನಿಯಾ?" ಅಂದಳು. ಆ ದನಿಯಲ್ಲೇ ಎಲ್ಲ ಗೊತ್ತಾಯಿತು. ಆರೋಗ್ಯ ವಿಭಾಗದ ನರ್ಸ್ ಅವಳಿಗೆ ಫೋನು ಮಾಡಿದ್ದಳಂತೆ. ಟಿ.ಬಿ. ಇರುವವರೊಬ್ಬರ ಸಂಪರ್ಕದಲ್ಲಿ ನೀವಿದ್ದಿರಿ, ಮಗುವನ್ನು ಕರೆತನ್ನಿ ಅಂತ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಆರ್ಯನಿಗೆ ಎರಡು ವರ್ಷ ಕಣೇ ವಸು. ಅವನ ಪರೀಕ್ಷೆ ಸದ್ಯಕ್ಕೆ ಸರಿಯಾಗಿದೆ, ಆದ್ರೂ ಮುಂಜಾಗ್ರತೆ ಅಂತ ದಿನಾ ಮಾತ್ರೆ ಅರೆದು ಕುಡಿಸ್ತಿದ್ದೀನಿ. ಉಗೀತಾನೆ, ಅಳ್ತಾನೆ. ಯಾರೋ ನರ್ಸ್ ಹೇಳ್ಬೇಕಾಗಿತ್ತಾ ನಂಗೆ? ನಿನ್ನ ಬಾಯಿಗೆ ಏನಾಗಿತ್ತು?"

"ಮಂಜು ಹೇಳಿದ್ದಾನೆ ಅಂದ್ಕೊಂಡಿದ್ದೆ..."

"ಸುಳ್ಳು ಹೇಳ್ಬೇಡ" ಅಂದು ಇಟ್ಟುಬಿಟ್ಟಳು.

ಅವಳ ಕೋಪ ನ್ಯಾಯವಾದದ್ದು. ಅದೇ ನನಗೆ ಇನ್ನೂ ಉರಿಯಿತು. ನಾನು ಹೇಳದ ಸುಳ್ಳಿಗೆ, ನಾನು ಬೇಡವೆಂದ ಸುಳ್ಳಿಗೆ, ಹೊರಗೆ ನಿಂತವಳು ನಾನು. ಸುಳ್ಳು ಹೇಳಿದವನು ತನ್ನ ಆಫೀಸಿನಲ್ಲಿ ಎಲ್ಲರ ಜೊತೆ ಊಟ ಮಾಡುತ್ತಿದ್ದ.

ಅಕ್ಟೋಬರ್ ಮಧ್ಯದಲ್ಲಿ ಆಸ್ಪತ್ರೆಯವರು, ಇನ್ನು ಯಾರಿಗೂ ಹರಡುವುದಿಲ್ಲ, ಎಲ್ಲಿ ಬೇಕಾದರೂ ಹೋಗಿ ಅಂದರು. ಮೊದಲ ದಿನ ಇಂಚರಳನ್ನು ತಬ್ಬಿಕೊಂಡು ಮಲಗಿದೆ. ಎರಡನೇ ದಿನ ಆ ನಗುಮುಖದ ಡಾಕ್ಟರ ಬಳಿ ಹೋದೆ. ಕೂರಲಿಲ್ಲ. "ನಾನು ಗ್ರ್ಯಾಂಡ್ ಆಗಿರಲಿಲ್ಲ ಡಾಕ್ಟರ್. ನನಗೆ ಟಿ.ಬಿ. ಇತ್ತು. ಈಗ ನನ್ನ ಮಗಳೂ ಮಾತ್ರೆ ನುಂಗುತ್ತಿದ್ದಾಳೆ" ಅಂದೆ. ಅವರ ಮುಖ ಕೆಂಪಾಯಿತು. ಆಸ್ಪತ್ರೆಯಿಂದ ತಿಳಿಯಿತು, ಬಹಳ ವಿಷಾದವಾಯಿತು ಅಂದರು. "ವಿಷಾದ ಬೇಡ. ಇನ್ನು ಮುಂದೆ ನನ್ನಂಥವಳು ಕೆಮ್ಮುತ್ತ ಬಂದರೆ ತೂಕ ಇಳಿದಿದೆಯಾ ಅಂತ ಕೇಳಿ" ಅಂದೆ. ಕೋಪದಲ್ಲೂ ಸರಿಯಾದ ಮಾತನ್ನೇ ಆಡಬಹುದು ಅಂತ ನನಗೆ ಆ ದಿನ ಗೊತ್ತಾಯಿತು.

ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಬಳಗದವರು ಊರಿನ ಹಾಲ್ ಒಂದನ್ನು ಬಾಡಿಗೆಗೆ ಹಿಡಿಯುತ್ತಾರೆ. ಮಕ್ಕಳ ನೃತ್ಯ ಪ್ರತಿ ವರ್ಷ ನನ್ನ ಜವಾಬ್ದಾರಿ. ಕಾರ್ಯಕ್ರಮ ನಡೆಸಿಕೊಡುವವನು ಮಂಜು. ಒಂದು ಸಂಜೆ ಅವನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ನನ್ನ ಮುಖ ನೋಡದೆ, "ಈ ಸಲ ನೀನು ರೆಸ್ಟ್ ತಗೋ ಅಂತಿದ್ದಾರೆ" ಅಂದ.

"ಯಾರು ಅಂತಿದ್ದಾರೆ?"

"ಎಲ್ಲರೂ. ವಿಷಯ ಹೇಗೋ ಎಲ್ಲರಿಗೂ ಗೊತ್ತಾಗಿದೆ. ಮತ್ತೆ... ಇಂಚರಾನೂ ಈ ವರ್ಷ ಡ್ಯಾನ್ಸಿಗೆ ಬೇಡ ಅಂತ. ಉಳಿದ ಮಕ್ಕಳ ತಂದೆತಾಯಿಗಳು ಸ್ವಲ್ಪ..."

ನಾನು ಕೈಯಲ್ಲಿದ್ದ ಲೋಟ ಸಿಂಕಿಗೆ ಕುಕ್ಕಿದೆ. "ಅವಳಿಂದ ಯಾರಿಗೂ ಏನೂ ಹರಡಲ್ಲ. ಹೇಳಿದ್ಯಾ ಅವರಿಗೆ?"

ಅವನು ಇನ್ನೊಂದು ಪಾತ್ರೆ ಎತ್ತಿಕೊಂಡು ಒರೆಸಿದ.

"ಹೇಳಿದ್ಯಾ ಮಂಜು?"

"ಜಗಳ ಯಾಕೆ ಅಂತ... ನಾನು ಎಲ್ಲಾ ಮಾಡಿದ್ದು ನಿನಗೋಸ್ಕರ ವಸು."

"ನನಗೋಸ್ಕರ ಅಲ್ಲ. ನಿನ್ನ ಮರ್ಯಾದೆಗೋಸ್ಕರ. ನನ್ನನ್ನ ಸುಳ್ಳಿ ಮಾಡಿದೆ. ಈಗ ಮಗಳನ್ನೂ ಹೊರಗೆ ಕೂರಿಸ್ತಿದ್ದೀಯ."

ಇಂಚರ ಬಾಗಿಲಲ್ಲಿ ನಿಂತಿದ್ದಳು. "ಈಸ್ ಇಟ್ ಬಿಕಾಸ್ ಆಫ್ ಮೈ ಟ್ಯಾಬ್ಲೆಟ್ಸ್?" ಅಂದಳು. ಅವಳು ಮೇಲೆ ಹೋದಳು.

ಮಾರನೆ ದಿನ ಅದನ್ನೆಲ್ಲ ಗೋಡೆಯ ಮೇಲಿನಿಂದ ಎಸ್ತರಮ್ಮನಿಗೆ ಹೇಳಿದೆ. ಗುಡಿಸಲು ಬಿಚ್ಚಿ ಆಗಿತ್ತು, ಹಲಗೆಗಳು ಒಂದು ಮೂಲೆಯಲ್ಲಿದ್ದವು. ಅವರು, "ಆರೋನನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಶಿಕ್ಷೆ ತಪ್ಪಿಸಿಕೊಂಡ, ನಿಜ. ಆದರೆ ಅಕ್ಕನ ಮೈ ನೋಡಿದ ಕೂಡಲೇ ಮೋಶೆಯ ಮುಂದೆ ಹೋಗಿ, ತಪ್ಪು ಮಾಡಿದ್ದು ನಾವಿಬ್ಬರೂ ಅಂದ. ಅವಳೊಬ್ಬಳೇ ಅನ್ನಲಿಲ್ಲ. ನಾವು ಅಂದ. ನಿನ್ನ ಗಂಡನಿಗೆ ಬಾಯಿ ಇದೆಯಾ ಕೇಳು" ಅಂದರು.

ಅವತ್ತು ಸಂಜೆ ಮಂಜುವಿಗೆ ಆ ಕಥೆ ಪೂರ್ತಿ ಹೇಳಿದೆ. ಎಸ್ತರಮ್ಮನ ಕೊನೆಯ ಮಾತನ್ನೂ ಬಿಡದೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕಾರ್ಯಕ್ರಮದ ಬೆಳಗ್ಗೆ ತಾನೇ ಇಂಚರಳಿಗೆ ಡ್ಯಾನ್ಸಿನ ಲಂಗ ಇಸ್ತ್ರಿ ಮಾಡಿದ. "ನೀವಿಬ್ಬರೂ ಬನ್ನಿ. ಕಾರಲ್ಲಿ ಕೂತಿರಿ. ಕರೀತೀನಿ" ಅಂದ.

ಹಾಲ್‌ನ ಮುಂದೆ ಕಾರಿನಲ್ಲಿ ಕೂತಿದ್ದೆವು. ಸಣ್ಣಗೆ ಮಳೆ. ಒಳಗಿನ ಮೈಕು ನಮಗೆ ಕೇಳಿಸುತ್ತಿತ್ತು. ಮಂಜು ಎಲ್ಲರಿಗೂ ಸ್ವಾಗತ ಅಂದ. ಆಮೇಲೆ ನಿಂತುಬಿಟ್ಟ. ಮೈಕು ಕೆಟ್ಟಿತು ಅಂದುಕೊಂಡೆ.

"ಶುರು ಮಾಡೋಕೆ ಮುಂಚೆ... ಒಂದು ವಿಷಯ," ಅಂದ. "ವಸುಧಾಗೆ ಟಿ.ಬಿ. ಆಗಿತ್ತು. ನ್ಯುಮೋನಿಯಾ ಅಂತ ಸುಳ್ಳು ಹೇಳಿದ್ದು ನಾನು. ರಶ್ಮಿಗೆ ಮೊದಲು ಹೇಳು ಅಂತ ಅವಳು ಆಸ್ಪತ್ರೆಯಿಂದಾನೇ ಹೇಳಿದ್ದಳು. ನಾನು ಹೇಳಲಿಲ್ಲ. ಸೋ... ತಪ್ಪು ನಂದು. ಈಗ ಅವಳಿಂದ ಯಾರಿಗೂ ಹರಡಲ್ಲ. ನನ್ನ ಮಗಳಿಂದ ಯಾವತ್ತೂ ಹರಡ್ತಿರಲಿಲ್ಲ. ಅವರಿಬ್ಬರೂ ಹೊರಗೆ ಕಾರಲ್ಲಿ ಕೂತಿದ್ದಾರೆ. ಅವರು ಒಳಗೆ ಬರೋವರೆಗೂ ನಾನು ಕಾರ್ಯಕ್ರಮ ಶುರು ಮಾಡಲ್ಲ. ಬೇರೆ ಯಾರಾದ್ರೂ ಮಾಡೋದಾದ್ರೆ ಮಾಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುರ್ಚಿಗಳನ್ನು ಎಳೆದ ಸದ್ದು. ಬಾಗಿಲು ತೆರೆದು ಒಂದು ಸಂಸಾರ ಹೊರಗೆ ಬಂತು, ನಮ್ಮ ಕಾರಿನ ಪಕ್ಕದಲ್ಲೇ ನಡೆದುಹೋಯಿತು. ಹಿಂದೆಯೇ ಇನ್ನೊಂದು. ಆಮೇಲೆ ಮಂಜು ಬಂದು ಕಾರಿನ ಬಾಗಿಲು ತೆಗೆದ. ಅವನ ಮುಖ ಬಿಳಿಚಿಕೊಂಡಿತ್ತು. ಇಂಚರ ಅವನ ಕೈಹಿಡಿದು ಇಳಿದಳು.

ನಾನು ಮಧ್ಯದ ಸಾಲಿನಲ್ಲಿ ಕೂತೆ. ನನ್ನ ಎರಡೂ ಪಕ್ಕ ಕುರ್ಚಿ ಖಾಲಿ. ಜನ ನನ್ನನ್ನು ನೋಡಿ ತಲೆಯಾಡಿಸಿದರು, ಕೆಲವರು ಫೋನು ನೋಡಿಕೊಂಡರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಸ್ಟೇಜಿನ ಮೇಲೆ ಮಗಳು ಕುಣಿಯುವುದೇ ಸರಿಯಾಗಿ ಕಾಣಿಸಲಿಲ್ಲ. ಅರ್ಧ ಹಾಡು ಮುಗಿದಾಗ ಪಕ್ಕದ ಕುರ್ಚಿಗೆ ಯಾರೋ ಬಂದರು. ರಶ್ಮಿ. ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. "ವಸು, ಸಾರಿ ಕಣೇ, ನಂಗೆ..." ಅಂತ ಶುರುಮಾಡಿದಳು.

"ಈಗ ಬೇಡ," ಅಂದೆ. "ಸುಮ್ನೆ ಕೂತ್ಕೋ."

ಕೂತಳು. ನಾವು ಇವತ್ತಿಗೂ ಮೊದಲಿನ ಹಾಗಿಲ್ಲ. ಮಂಜು ಮತ್ತು ನಾನೂ ಮೊದಲಿನ ಹಾಗಿಲ್ಲ. ಆ ದಿನದ ಮೇಲೆ ಅವನ ಮೇಲೆ ಒಂದಿಷ್ಟು ಗೌರವ ಬಂದಿದೆ, ಅದಕ್ಕೆ ಮೊದಲಿನದನ್ನು ಕ್ಷಮಿಸಿದ್ದೇನೆ ಅಂತ ಅರ್ಥವಲ್ಲ. ನನ್ನ ಮಾತ್ರೆಗಳು ವಸಂತಕಾಲಕ್ಕೆ ಮುಗಿದವು. ಇಂಚರಳದು, ಆರ್ಯನದು ಅದಕ್ಕೂ ಮೊದಲೇ ಮುಗಿದಿದ್ದವು. ಇಬ್ಬರೂ ಚೆನ್ನಾಗಿದ್ದಾರೆ.

ಹಾಲ್‌ನಲ್ಲಿ ನಡೆದದ್ದನ್ನು ಮಾರನೆ ದಿನವೇ ಎಸ್ತರಮ್ಮನಿಗೆ ಹೇಳಿದ್ದೆ. ಈ ಸಲ ಗೋಡೆಯ ಮೇಲಿನಿಂದಲ್ಲ, ಅವರ ಅಡುಗೆಮನೆಯಲ್ಲಿ ಕೂತು, ಅವರ ಕಪ್ಪಿನಲ್ಲಿ ಟೀ ಕುಡಿಯುತ್ತ.

"ಎಷ್ಟು ಜನ ಎದ್ದು ಹೋದರು?" ಅಂದರು.

"ಎರಡು ಸಂಸಾರ."

"ಉಳಿದವರು?"

"ಕಾದರು. ಆದರೆ ಖುಷಿಯಿಂದ ಅಲ್ಲ. ಎಷ್ಟೋ ಜನ ಮುಖ ಸಿಂಡರಿಸಿಕೊಂಡಿದ್ದರು."

"ಮರುಭೂಮಿಯಲ್ಲಿ ಖುಷಿಯಿಂದ ಕಾದರು ಅಂತ ಎಲ್ಲಿ ಬರೆದಿದೆ? ಕಾದರು ಅಂತಷ್ಟೇ ಇದೆ. ಅಷ್ಟು ಸಾಕು."

ನಾನು ಕೇಳಿದೆ: "ಒಳಗೆ ಬಂದ ಮೇಲೆ ಮಿರ್ಯಾಮ್ ಏನು ಹೇಳಿದಳು?"

"ಒಂದು ಮಾತೂ ಇಲ್ಲ. ಅದಾದ ಮೇಲೆ ಅವಳ ಹೆಸರು ಬರುವುದು ಅವಳು ಸತ್ತಾಗಲೇ."

"ಅಷ್ಟೆಲ್ಲ ಆದ ಮೇಲೆ ಅವಳು ಸುಮ್ಮನಿದ್ದಳು ಅಂತ ನಾನು ನಂಬಲ್ಲ."

"ನಾನೂ ನಂಬಲ್ಲ. ಹೇಳಿಯೇ ಇರುತ್ತಾಳೆ. ಬರೆದುಕೊಳ್ಳಲು ಯಾರೂ ಇರಲಿಲ್ಲ," ಅಂದರು ಎಸ್ತರಮ್ಮ. ನನ್ನ ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿದರು. "ನಿನಗೆ ಬರೆಯಲು ಬರುತ್ತಲ್ಲ. ಬರಿ. ಸಿಟ್ಟು ಇಳಿಯಲಿ ಅಂತ ಕಾಯಬೇಡ."